ಮಾವನ ರೇಡಿಯೋದ ಮೊದಲ ರಾಗ

ರೇಡಿಯೋ ನಿಲಯ ಬೆಳಗ್ಗೆ ಮಾತು ಶುರುಮಾಡುವ ಮೊದಲು ಬಾರಿಸುತ್ತಿದ್ದ ಆ ಪಿಟೀಲಿನ ಗುರುತಿನ ರಾಗವನ್ನು ನೆನೆದು ಕಣ್ಣು ಒದ್ದೆ ಮಾಡಿಕೊಳ್ಳುವವರು ಬೇಕಾದಷ್ಟು ಜನ ಇದ್ದಾರೆ. ಮಾಡಿಕೊಳ್ಳಲಿ. ನನಗೆ ಅದು ಕಿವಿಗೆ ಬಿದ್ದರೆ ಮೈ ಉರಿಯುತ್ತದೆ.

ಅರುವತ್ತರ ದಶಕ. ಕಕ್ಕಿಂಜೆಯಲ್ಲಿ ಚಾರ್ಮಾಡಿ ರಸ್ತೆಯ ಬದಿಗೇ ನಮ್ಮ ಮನೆ. ನಮ್ಮದು ಅಳಿಯಕಟ್ಟು; ಮನೆ ಹೆಣ್ಣಿನ ಕಡೆಯಿಂದ ಬಂದದ್ದು, ಅಂದರೆ ಅಮ್ಮನದು. ಆದರೆ ಯಜಮಾನಿಕೆ ಅಮ್ಮನ ಅಣ್ಣನದು. ಒಂದು ತೆಂಗಿನಕಾಯಿ ಒಡೆಯಲಿಕ್ಕೂ ಮಾವನನ್ನು ಕೇಳಬೇಕು. ಊರಿಗೆ ಕರೆಂಟು ಬಂದಿರಲಿಲ್ಲ. ಮಾವ ಬಂಟ್ವಾಳ ಪೇಟೆಯಿಂದ ಬ್ಯಾಟರಿಯ ರೇಡಿಯೋ ತಂದು ಚಾವಡಿಯ ಕಿಟಿಕಿಯಲ್ಲಿಟ್ಟರು, ಮುಖ ರಸ್ತೆಯ ಕಡೆಗೆ. ಎದುರಿನ ಚಾದಂಗಡಿಯಲ್ಲಿ ಬೆಳಗ್ಗಿನ ಬಸ್ಸು ನಿಂತಿರುವಾಗ ರಾಗ ಜೋರಾಗಿ ಹೊರಡಬೇಕು, ಜನ ತಿರುಗಿ ನೋಡಬೇಕು. ರಾಗ ಮುಗಿದು ಮನುಷ್ಯರ ಸ್ವರ ಬಂತೋ, ಟಕ್ಕೆಂದು ಬಂದ್. "ಬ್ಯಾಟರಿ ಸುಮ್ಮನೆ ಬರ್ತದಾ?" ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ. ನಮ್ಮ ಮಾವ ಹಿಡಿದದ್ದು ಬೆಳಗ್ಗೆ, ಅಷ್ಟೇ ವ್ಯತ್ಯಾಸ.

ಅವರ ಮಾತು ಮೀರಿ ನನ್ನ ಅಕ್ಕ ಧಾರವಾಡಕ್ಕೆ ಓದಲು ಹೋಗಿದ್ದಳು. ಅವಳು ಇನ್ನು ಈ ಮೆಟ್ಟಿಲು ಹತ್ತಬಾರದು ಎಂದು ಮಾವನ ಅಪ್ಪಣೆಯಾಗಿತ್ತು. ಅಮ್ಮ ಮಗಳ ಸ್ವರ ಕೇಳದೆ ಎರಡು ಮಳೆಗಾಲ ಕಳೆದಿತ್ತು. ಅಷ್ಟರಲ್ಲಿ ಅಕ್ಕ ಕಾಗದ ಬರೆದಳು: ರೇಡಿಯೋದಲ್ಲಿ ಹಾಡುತ್ತೇನೆ, ಬೆಳಗ್ಗೆ, ಆ ರಾಗವಾದ ಕೂಡಲೇ. ಆಗೆಲ್ಲ ಹಾಡು ಹಾಡಿದ ಗಳಿಗೆಗೇ ಮುಗಿಯುತ್ತಿತ್ತು, ಮತ್ತೆ ಕೇಳುವ ದಾರಿ ನಮಗಿರಲಿಲ್ಲ.

ಬ್ಯಾಟರಿ ಆಗಲೇ ಸೊರಗಿತ್ತು. ಹೊಸತು ತನ್ನಿ ಎಂದರೆ, "ಅದರಲ್ಲಿ ಇನ್ನೂ ಉಂಟು" ಎಂದರು ಮಾವ. ಬಿಸಿಲು ಕಂಡರೆ ಸ್ವಲ್ಪ ಜೀವ ಬರುತ್ತದೆಂದು ಅಮ್ಮ ಅದನ್ನು ಹಪ್ಪಳದ ಜೊತೆ ಅಂಗಳದಲ್ಲಿ ಒಣಗಿಸಿದಳು. ಹಾಡಿನ ದಿನ, ಎಂದೂ ಎದುರಾಡದವಳು ಕೇಳಿಯೇಬಿಟ್ಟಳು.

"ಅಣ್ಣ, ಇವತ್ತೊಂದು ದಿನ ರಾಗ ಬೇಡ. ಅದು ಆದ ಮೇಲೆ ಹಾಕುವ."

"ರಾಗ ಬಾರದಿದ್ರೆ ನಮ್ಮ ರೇಡಿಯೋ ಹಾಳಾಗಿದೆ ಅಂತ ಬಸ್ಸಿನವರು ಹೇಳ್ತಾರೆ. ನೀನು ಒಳಗೆ ಹೋಗು."

ಹಾಕಿದರು, ಎಂದಿಗಿಂತ ಜೋರಾಗಿ. ರಾಗ ಪೂರ್ತಿ ಬಂತು. ಆಮೇಲೆ ಯಾರೋ ಅಕ್ಕನ ಹೆಸರು ಹೇಳುತ್ತಿದ್ದಂತೆ ಸ್ವರ ಇಳಿದು ಇಳಿದು ನಿಂತೇಹೋಯಿತು. ಅಮ್ಮ ಓಡಿ ಬಂದು ಪೆಟ್ಟಿಗೆಗೆ ಕಿವಿಯಿಟ್ಟಳು, ಬಸ್ಸು ಹೊರಟುಹೋದರೂ ತೆಗೆಯಲಿಲ್ಲ. ಮಾವ ಚಾ ಕುಡಿದು ಪೇಟೆಗೆ ಹೋದರು. ಆ ಮನುಷ್ಯನನ್ನು ನಾನು ಕ್ಷಮಿಸಿದ್ದೇನೆ ಎಂದು ಯಾರೂ ತಿಳಿಯುವುದು ಬೇಡ.

ವಾರ ಕಳೆದು ಬೆಳ್ತಂಗಡಿಯ ಮಾಸ್ಟ್ರೊಬ್ಬರು ಮನೆಗೆ ಬಂದರು. "ನಮ್ಮ ಹುಡುಗಿ ಹಾಡಿದ್ದು ನಮ್ಮದೇ ರೇಡಿಯೋದಲ್ಲಿ ಕೇಳಿದೆ ಮಾರಾಯ, ಎಂಥ ಸ್ವರ" ಎಂದು ಮಾವ ಪೇಟೆಯಲ್ಲಿ ಕಂಡಕಂಡವರ ಹತ್ತಿರ ಕೊಚ್ಚಿಕೊಂಡದ್ದು ಅವರ ಕಿವಿಗೂ ಬಿದ್ದಿತ್ತು. ಮೆಟ್ಟಿಲು ಹತ್ತಬಾರದವಳು ಪೇಟೆಯಲ್ಲಿ ಮಾತ್ರ ನಮ್ಮ ಹುಡುಗಿ.

"ಯಾವ ಪದ ಹಾಡಿದ್ದು ನಿಮ್ಮ ಮಗಳು?" ಎಂದು ಮಾಸ್ಟ್ರು ಅಮ್ಮನನ್ನು ಕೇಳಿದರು. ಮಾವ ವೀಳ್ಯದೆಲೆಗೆ ಸುಣ್ಣ ಹಚ್ಚುತ್ತಿದ್ದವರು ತಲೆ ಎತ್ತಲಿಲ್ಲ.

ಅಮ್ಮ ಚಾದ ಲೋಟ ಕೆಳಗಿಟ್ಟಳು.

"ಅಣ್ಣನನ್ನೇ ಕೇಳಿ ಮಾಸ್ಟ್ರೇ, ಅವರು ಕೇಳಿದ್ದಾರಂತೆ. ನನ್ನ ಮನೆಯೊಳಗೆ ಕೂತು ನನಗೆ ಸಿಕ್ಕಿದ್ದು ಬಸ್ಸಿನವರಿಗೆ ಸಿಕ್ಕಿದಷ್ಟೇ."