ಹೊಲಿಗೆ ಕೋಣೆಯ ಕ್ಯಾಮೆರಾ

ನನ್ನ ತಮ್ಮ ಹುಟ್ಟಾ ಸಂಶಯಪಿಶಾಚಿ. ತನ್ನ ನೆರಳನ್ನೂ ನಂಬದವನು. ನಿವೃತ್ತನಾದ ಮೇಲೆ ಆ ರೋಗ ಉಲ್ಬಣಿಸಿ, ಮನೆಗೆಲ್ಲ ಕ್ಯಾಮೆರಾ ಹಾಕಲು ಹೊರಟ. ವೈಫೈ ಆಗದಂತೆ, ತಂತಿಯದೇ ಬೇಕಂತೆ.

“ಗಾಳೀಲಿ ಹೋಗೋದನ್ನ ಯಾರು ಬೇಕಾದ್ರೂ ಕದೀತಾರಕ್ಕ,” ಎಂದ.

ಕೆಲಸದವರನ್ನೂ ನಂಬದೆ ತಾನೇ ಗೋಡೆ ಕೊರೆದು ಕೇಬಲ್ ಎಳೆದ. ಗೇಟು, ಹಿತ್ತಲು, ಮೆಟ್ಟಿಲು, ಎಲ್ಲ ಕಡೆಯ ತಂತಿಯೂ ಅವನ ಮಂಚದ ಪಕ್ಕದ ಪೆಟ್ಟಿಗೆಗೆ ಬಂದು ಸೇರಿತು. ಕೊನೆಗೆ ತನ್ನ ಸೊಸೆಯ ಹೊಲಿಗೆ ಕೋಣೆಗೂ ತೂತು ಕೊರೆದ.

“ಮಾವ, ಇದು ಹೆಂಗಸರು ಅಳತೆ ಕೊಡೋ ಕೋಣೆ. ಇಲ್ಲಿ ಕ್ಯಾಮೆರಾ ಇದ್ರೆ ಒಬ್ಬರೂ ಬರಲ್ಲ, ನನ್ನ ಹೊಲಿಗೆ ಮುಗೀತು,” ಎಂದಳು ಅವಳು.

“ಬರೋರೆಲ್ಲ ಸಾಚಾನೇನಮ್ಮ? ಬಾಗಿಲ ಕಡೆಗೆ ಮಾತ್ರ ತಿರುಗಿಸ್ತೀನಿ.”

“ಅದರ ಕತ್ತು ಈ ಕಡೆ ತಿರುಗಲ್ವಾ, ಮಾವ?”

ಗೋರ್ಕಲ್ಲ ಮೇಲೆ ಮಳೆ ಸುರಿದಂತಾಯಿತು.

ಮರುದಿನ ಬಟ್ಟೆ ಹೊಲಿಸಲು ಬಂದ ಹೆಂಗಸೊಬ್ಬಳು ಗೋಡೆಯಿಂದ ಇಣುಕುತ್ತಿದ್ದ ಕೇಬಲ್ ನೋಡಿ, ಅದೇನೆಂದು ಕೇಳಿ ತಿಳಿದು, ಅಳತೆ ಕೊಡದೆ ಹೊರಟುಹೋದಳು. ಸೊಸೆ ಗೇಟಿನ ತನಕ ಅವಳ ಹಿಂದೆ ಹೋದದ್ದು, ಕೊರಳಲ್ಲಿ ಟೇಪು ಹಾಕಿಕೊಂಡು ಅಲ್ಲೇ ನಿಂತುಬಿಟ್ಟದ್ದು ತಮ್ಮನ ಪರದೆಯಲ್ಲಿ ಸ್ಪಷ್ಟವಾಗಿ ಮೂಡಿತು. ಅವನು ಕಣ್ಣು ಕೀಳದೆ ನೋಡಿದ.

ಆಮೇಲೆ ಎದ್ದು, ಕೇಬಲ್ ಹಿಂದಕ್ಕೆಳೆದು ತೂತಿಗೆ ಸಿಮೆಂಟು ಮೆತ್ತಿದ. ಅಷ್ಟಕ್ಕೇ ನಿಂತಿದ್ದರೆ ಸೋತ ಎನ್ನುತ್ತಿದ್ದೆ. ಅಂಗಡಿಗೆ ಹೋಗಿ ಒಂದು ಚಿಲಕ ತಂದು, ಆ ಕೋಣೆಯ ಬಾಗಿಲಿಗೆ ಒಳಮಗ್ಗುಲಲ್ಲಿ ಜೋಡಿಸಿದ. ಸೊಸೆಗೆ ಒಳಗಿನಿಂದ ಹಾಕಿಕೊಳ್ಳಲು ಹೇಳಿ, ತಾನು ಹೊರಗೆ ನಿಂತು ಹೆಗಲು ಕೊಟ್ಟು ತಳ್ಳಿ ತಳ್ಳಿ ನೋಡಿದ.