ಕ್ಯಾಪ್ಟನ್ ಕಿಟ್ರಿಜ್ ಬಿಟ್ಟುಕೊಟ್ಟ ಮನೆ

ಕ್ಯಾಪ್ಟನ್ ಅಮೋಸ್ ಕಿಟ್ರಿಜ್ ದೇವರಂಥ ಮನುಷ್ಯ ಎಂದು ಪಟಾಲಮಿನವರೆಲ್ಲ ಒಂದು ಕಾಲಕ್ಕೆ ಹೊಗಳುತ್ತಿದ್ದರು. ಇಪ್ಪತ್ತು ವರ್ಷ ಅವನ ಬಟ್ಟೆ ಒಗೆದ ನನಗೆ ಅದನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ.

ಅಮೆರಿಕದ ದಕ್ಷಿಣ ರಾಜ್ಯದವರ ಜೊತೆಗಿನ ಯುದ್ಧದಲ್ಲಿ ಅವನು ಎರಡು ಬೆರಳು ಕಳೆದುಕೊಂಡ. ಆಮೇಲೆ ಹದಿಮೂರು ವರ್ಷ ಲೆಫ್ಟಿನೆಂಟ್ ಆಗಿಯೇ ಕೊಳೆತ. ಮೇಲಿನವನು ಸತ್ತರೆ ಅಥವಾ ಕೆಲಸ ಬಿಟ್ಟರೆ ಮಾತ್ರ ಬಡ್ತಿ. ಕೋಟೆಯ ಮನೆಗಳಿಗೂ ಇದೇ ನ್ಯಾಯ. ಮೇಲಿನ ಅಧಿಕಾರಿ ಬಂದು ಬೆರಳು ತೋರಿಸಿದರೆ ಕೆಳಗಿನವನು ಸಂಜೆಯೊಳಗೆ ಗಂಟುಮೂಟೆ ಕಟ್ಟಬೇಕು. ಕಿಟ್ರಿಜ್ ದಂಪತಿ ಹೀಗೆ ಐದು ಸಲ ಹೊರಬಿದ್ದರು. ಐದನೆಯ ಸಲ ಜನವರಿ ತಿಂಗಳು. ಎಂಟು ತಿಂಗಳ ಮಗಳು ಡೇರೆಯಲ್ಲೇ ತೀರಿಕೊಂಡಳು. ಆಮೇಲೆ ಅವನ ಹೆಂಡತಿ ಲವೀನಿಯಾಗೆ ಉಳಿದದ್ದು ಒಂದೇ ಆಸೆ, ಯಾರೂ ಹೊರಗೆ ಹಾಕಲಾಗದ ಮನೆ.

ಕೊನೆಗೂ ಕ್ಯಾಪ್ಟನ್ ಆದ. ನವೆಂಬರಿನಲ್ಲಿ ಡಕೋಟಾದ ಕೋಟೆಗೆ ಬಂದೆವು. ಇಟ್ಟಿಗೆ ಚಿಮಣಿಯ ಒಳ್ಳೆಯ ಮನೆಯಲ್ಲಿ ಲೆಫ್ಟಿನೆಂಟ್ ಪ್ರೂಯಿಟ್ ಇದ್ದ, ಹೆಂಡತಿ, ಎಳೆಗೂಸಿನ ಜೊತೆ. ಖಾಲಿ ಇದ್ದದ್ದು ಮಣ್ಣಿನ ಮಾಡಿನ ಒಂದು ದಿಮ್ಮಿ ಗುಡಿಸಲು. ಆರಿಸುವ ಹಕ್ಕು ಒಂದೇ ಸಲ, ಬಿಟ್ಟರೆ ಮತ್ತೆ ಕೇಳುವಂತಿಲ್ಲ.

"ಆ ಮನೇಲಿ ಕೂಸಿದೆ ಕಣೇ," ಅಂದ ಲವೀನಿಯಾಗೆ.

"ನಮ್ಮನೇಲಿ ಇರ್ಲಿಲ್ವಾ? ಯಾರಾದ್ರೂ ಕೇಳಿದ್ರಾ?"

"ಅದಕ್ಕೇ ನಾನು ಅವರ ಥರ ಆಗಲ್ಲ."

"ನೀವು ದೊಡ್ಡೋರಾಗಿ. ನಾನೆಲ್ಲಿಗೆ ಹೋಗ್ಲಿ?"

ಅವನು ತನ್ನ ಹೆಸರಿಗೆ ಗುಡಿಸಲನ್ನೇ ಬರೆಸಿದ. ಪ್ರೂಯಿಟ್ ಕಣ್ಣೀರು ಹಾಕಿಕೊಂಡು ಕೈ ಕುಲುಕಿದ, ಕೋಟೆಯೆಲ್ಲ ಕೊಂಡಾಡಿತು. ಹತ್ತೇ ದಿನಕ್ಕೆ ಕ್ಯಾಪ್ಟನ್ ಡನ್ನಿಂಗ್ ಎಂಬವನು ಬಂದ. ಕ್ಯಾಪ್ಟನ್ ಆದದ್ದು ಕಿಟ್ರಿಜ್ ಆದಮೇಲೆ, ಹಾಗಾಗಿ ಅವನಿಗಿಂತ ಕೆಳಗಿನವನು, ಆದರೆ ಪ್ರೂಯಿಟ್‌ಗಿಂತ ಮೇಲಿನವನು. ಅವನಿಗೆ ಯಾವ ಸಂಕೋಚವೂ ಇರಲಿಲ್ಲ. ಬೆತ್ತ ಎತ್ತಿ ಇಟ್ಟಿಗೆ ಚಿಮಣಿ ತೋರಿಸಿದ.

ಪ್ರೂಯಿಟ್ ಸಂಸಾರ ಡೇರೆಗೆ ಬಿತ್ತು. ಲವೀನಿಯಾ ಹೋಗಿ ಆ ತಾಯಿ, ಮಗು ಇಬ್ಬರನ್ನೂ ತನ್ನ ಗುಡಿಸಲಿಗೆ ಎಳೆದುಕೊಂಡು ಬಂದಳು. ಅಲ್ಲೂ ದಿಮ್ಮಿಗಳ ಸಂದಿನಿಂದ ಹಿಮ ಹಾಸಿಗೆಯ ಮೇಲೇ ಉದುರುತ್ತಿತ್ತು. ಮಗು ವಾರ ಬದುಕಲಿಲ್ಲ.

ಹೂಳಿ ಬಂದ ದಿನ ಒಗೆದ ಹೊದಿಕೆ ಕೊಡಲು ನಾನು ಹೋಗಿದ್ದೆ. ಲವೀನಿಯಾ ಗಂಡನಿಗೆ ಮೆಲ್ಲಗೆ ಹೇಳಿದಳು, "ಆ ಮನೆ ನೀವು ತಗೊಂಡಿದ್ರೆ ಡನ್ನಿಂಗ್ ಏನೂ ಮಾಡೋಕಾಗ್ತಿರ್ಲಿಲ್ಲ. ಇವರನ್ನ ಅಲ್ಲೇ ಒಂದು ಕೋಣೇಲಿ ಇಟ್ಕೋಬಹುದಿತ್ತು."

"ನಂಗೆ ಹೊಳೀಲಿಲ್ಲ."

"ಒಳ್ಳೇವ್ನು ಅನ್ನಿಸ್ಕೊಳ್ಳೋದು ಮಾತ್ರ ಹೊಳೀತು."

ಏಪ್ರಿಲ್‌ನಲ್ಲಿ ನದಿಯ ಮಂಜುಗಡ್ಡೆ ಒಡೆದು ದಾರಿ ತೆರೆದಾಗ ಅವಳು ವರ್ಮಾಂಟ್‌ನ ತಂಗಿಯ ಮನೆಗೆ ಹೊರಟುಹೋದಳು.

ಆಮೇಲೆ ಅವನು ಹೋದ ಕೋಟೆಯಲ್ಲೆಲ್ಲ ಅತಿ ದೊಡ್ಡ ಮನೆಯನ್ನೇ ಕೇಳಿದ. ಅಲ್ಲಿದ್ದವರಿಗೆ, "ನೀವೂ ಇಲ್ಲೇ ಇರಿ, ನಂಗೊಂದು ಕೋಣೆ ಸಾಕು," ಅನ್ನುತ್ತಿದ್ದ. ಯಾರು ನಂಬುತ್ತಾರೆ? ಆಸೆಬುರುಕ ಎಂದು ಶಪಿಸಿ ಹೋಗುತ್ತಿದ್ದರು. ಆರು ಕೋಣೆಯ ಮನೆಯಿಂದ ನನಗೆ ಒಗೆಯಲು ಬರುತ್ತಿದ್ದದ್ದು ಒಂದೇ ಹಾಸಿಗೆಯ ಬಟ್ಟೆ.

ಪ್ರತಿ ಸಲವೂ ಲವೀನಿಯಾಗೆ ಕಾಗದ ಬರೆದ: ಮನೆ ಸಿಕ್ಕಿದೆ, ಇನ್ನು ಯಾರೂ ಹೊರಗೆ ಹಾಕಲಾರರು, ಬಾ. ಒಮ್ಮೆ ಮಾತ್ರ ಉತ್ತರ ಬಂತು. ಅದನ್ನು ನನ್ನೆದುರೇ ಓದಿದ.

"ಅಲ್ಲಿ ಮೊದಲು ಯಾರಿದ್ದರು? ಅವರಿಗೆ ಮಗು ಇತ್ತೇ?"

ಮತ್ತೆ ಅವನು ಬರೆಯಲಿಲ್ಲ.