ಹುಲೆಪ್ಪನ ಕರೆಂಟಿನ ಗಂಟೆ

ಸೊಲ್ಲಾಪುರದ ಗಿರಣಿಯಲ್ಲಿ ಕರೆಂಟಿನ ಕೆಲಸ ಮಾಡುತ್ತಿದ್ದ ಹುಲೆಪ್ಪ, ೧೯೪೮ರ ಬೇಸಿಗೆಯಲ್ಲಿ ಹೆಂಡತಿ ಸಾಬವ್ವನನ್ನು ಕರೆದೊಯ್ಯಲು ಖಜೂರಿ ಹತ್ತಿರದ ತನ್ನ ಹಳ್ಳಿಗೆ ಬಂದ. ನಿಜಾಮನ ಸೀಮೆಯ ಆ ಅಂಚಿನಲ್ಲಿ ಆಗ ಬಂದೂಕು ಹಿಡಿದವರದೇ ಆಟ. ಪಕ್ಕದ ಊರನ್ನು ಸುಟ್ಟು ಹೆಣಗಳನ್ನು ಬಾವಿಗೆ ತುಂಬಿದ್ದರು.

ಹುಲೆಪ್ಪನ ಕೇರಿ ಊರ ಹೊರಗಿತ್ತು. ದಾಳಿ ಬಂದರೆ ಮೊದಲ ಬೆಂಕಿ ಅಲ್ಲಿಗೇ. ಹಾಗಾಗಿ ಕಾವಲಿನ ಹಿರಿಯ ನಾಗಣ್ಣ ಎಚ್ಚರಿಕೆಯ ಗಂಟೆ ಕಟ್ಟಿಕೊಡು ಎಂದಾಗ ಅವನಿಗೆ ಇಲ್ಲವೆನ್ನಲಾಗಲಿಲ್ಲ.

ಸಿಕ್ಕಿದ್ದು ಲಾರಿಯ ಹನ್ನೆರಡು ವೋಲ್ಟಿನ ಬ್ಯಾಟರಿ. ಗಂಟೆಗೆ ಬೇಕಾದದ್ದು ಆರು. ಹುಲೆಪ್ಪ ಉದ್ದನೆಯ ಸಣ್ಣ ಹೀಟರ್ ತಂತಿಯನ್ನು ಹಲಗೆಗೆ ಸುತ್ತಿ, ಎರಡೂ ತುದಿಗಳನ್ನು ಬ್ಯಾಟರಿಗೆ ಸೇರಿಸಿದ. ತಂತಿ ಸಣ್ಣಗಿದ್ದಷ್ಟೂ ಬ್ಯಾಟರಿ ಬೇಗ ಬರಿದಾಗದು ಎಂಬುದು ಅವನ ಲೆಕ್ಕ. ತಂತಿಯ ನಟ್ಟನಡುವಿಗೂ ಒಂದು ತುದಿಗೂ ವೋಲ್ಟ್ ಅಳೆಯುವ ಮೀಟರ್ ಹಿಡಿದರೆ ಮುಳ್ಳು ಸರಿಯಾಗಿ ಆರಕ್ಕೆ ನಿಂತಿತು. ಗಂಟೆಯನ್ನು ಅಲ್ಲಿಗೇ ಸೇರಿಸಿದ.

“ಒಮ್ಮಿ ಬಾರಿಸಿ ನೋಡ್ತೇನ್ರಿ,” ಎಂದ.

“ಬ್ಯಾಡಪ್ಪ,” ಎಂದ ನಾಗಣ್ಣ. “ಮೊನ್ನಿ ಸುಳ್ಳ ಸುದ್ದಿಗೆ ಮಂದಿ ಓಡಿ ಮುದುಕಿ ಒಬ್ಬಾಕಿ ಕಾಲಾಗ ಬಿದ್ದು ಸತ್ತಾಳ. ಮುಳ್ಳು ಹೇಳ್ತಲ್ಲ, ಸಾಕು.”

ಹುಲೆಪ್ಪ ಮೀಟರನ್ನು ಚೀಲಕ್ಕೆ ಹಾಕಿದ.

ಒಂದು ಮಧ್ಯಾಹ್ನ ಊರ ಕಾವಲುಬುರುಜಾದ ಹುಡೆಯ ಮೇಲೆ ಕಾವಲಿದ್ದ ಸಾಬವ್ವನಿಗೆ ಕುದುರೆಗಳ ಧೂಳು ಕಂಡಿತು. ಅಲ್ಲಿಗೆ ತಂತಿ ಎಳೆದು ಕೂರಿಸಿದ್ದ ಗಂಟೆಯ ಗುಂಡಿ ಒತ್ತಿದಳು. ಚಾವಡಿಯ ಗಂಟೆ ತುಟಿ ಬಿಚ್ಚಲಿಲ್ಲ. ಮತ್ತೆ ಮತ್ತೆ ಒತ್ತಿದಳು. ಕಡೆಗೆ ಕೆಳಗಿಳಿದು ಕೂಗುತ್ತ ಕೇರಿಗೆ ಓಡಿದಳು. ಗುಂಡು ಅವಳ ಮೊಣಕೈಯನ್ನು ಚೂರು ಮಾಡಿತು.

ಅಷ್ಟರಲ್ಲಿ ಗುಡಿಸಲುಗಳು ಉರಿಯುತ್ತಿದ್ದವು. ಓಡಿಬಂದ ನಾಗಣ್ಣನ ಹೊಟ್ಟೆಗೆ ಭರ್ಜಿ ನಾಟಿತು. ಬಿದ್ದ ಸಾಬವ್ವನ ಕೂದಲು ಹಿಡಿದೆಳೆಯುತ್ತಿದ್ದವನ ಕುತ್ತಿಗೆಗೆ ಹುಲೆಪ್ಪ ಕೊಡಲಿ ಹಾಕಿದ. ಅವನು ನೆಲ ಹಿಡಿದ ಮೇಲೂ ಹುಲೆಪ್ಪನ ಕೈ ನಿಲ್ಲಲಿಲ್ಲ. ಪಕ್ಕದ ಮನೆಯ ಪ್ಯಾರಿಬಿ ಬಂದು ಅವನ ತೋಳು ಹಿಡಿದಳು.

“ಬಿಡಪ್ಪ, ಸತ್ತಾನ ಅಂವ. ಹೆಂಡ್ತಿನ್ನ ಎತ್ತು.”

ದಾಳಿಯ ಗುಂಪು ಹೊರಟುಹೋದ ಮರುದಿನ ಕೈಗೆ ಬಟ್ಟೆ ಸುತ್ತಿಕೊಂಡು ಮಲಗಿದ್ದ ಸಾಬವ್ವ ಕೇಳಿದಳು: “ಬಾರಿಸಿ ನೋಡಿದ್ದಿ ಇಲ್ಲೋ?”

“ಇಲ್ಲ.”

ಅವಳು ಗೋಡೆಯ ಕಡೆ ಹೊರಳಿದಳು.

ಹುಲೆಪ್ಪ ಚಾವಡಿಗೆ ಹೋಗಿ, ಗಂಟೆಯನ್ನು ತಂತಿಗೆ ಸೇರಿಸಿಟ್ಟೇ ಮೀಟರ್ ಹಿಡಿದು, ಗುಂಡಿಯ ಎರಡು ತಂತಿಗಳನ್ನು ಮುಟ್ಟಿಸಿದ. ಆರರಲ್ಲಿದ್ದ ಮುಳ್ಳು ಒಂದಕ್ಕೆ ಕುಸಿಯಿತು. ಮೀಟರ್ ಎಳೆಯುವುದು ಹನಿ ಕರೆಂಟು. ಗಂಟೆ ಎಳೆಯುವುದು ಬೊಗಸೆಗಟ್ಟಲೆ. ಅಷ್ಟೂ ಆ ಸಣ್ಣ ತಂತಿಯ ಮೇಲರ್ಧದ ಮೂಲಕವೇ ಬರಬೇಕು, ಹೆಚ್ಚಿನ ವೋಲ್ಟು ಅಲ್ಲೇ ಮುಗಿದುಹೋಗುತ್ತಿತ್ತು. ಗಂಟೆಯ ಪಾಲಿಗೆ ಉಳಿಯುತ್ತಿದ್ದದ್ದು ಆ ಒಂದೇ. ಗಿರಣಿಯಲ್ಲಿ ಇದನ್ನು ಎಷ್ಟೋ ಸಲ ಕಂಡಿದ್ದವನು ಹಲಗೆಯನ್ನು ಕಲ್ಲಿಗೆ ಬಡಿದು ಒಡೆದ. ಆಮೇಲೆ ಬ್ಯಾಟರಿಯ ಎರಡೆರಡು ವೋಲ್ಟಿನ ಆರು ಖಾನೆಗಳಲ್ಲಿ ಮೂರನ್ನು ಬಿಟ್ಟು, ನಡುವಿನ ಸೀಸದ ಪಟ್ಟಿಯಿಂದಲೇ ಗಂಟೆಗೆ ನೇರ ತಂತಿ ಎಳೆದ. ಈ ಸಲ ಯಾರನ್ನೂ ಕೇಳದೆ ಬಾರಿಸಿದ. ಮಂದಿ ಹೆದರಿ ಹೊರಬಂದರು, ಬೈದರು. ಅವನು ಬೈಸಿಕೊಂಡ.

ಮಳೆಗಾಲದಲ್ಲಿ ಅದೇ ಗುಂಪು ಮತ್ತೆ ಬಂತು. ಗಂಟೆ ಊರೆಲ್ಲ ಕೇಳುವಂತೆ ಬಡಿಯಿತು. ಹೆಂಗಸರು, ಮಕ್ಕಳು ಸೊಲ್ಲಾಪುರದ ಕಡೆಗೆ ಗಡಿ ದಾಟಿದರು. ಗಂಡಸರು ಹುಡೆಯ ಮೇಲಿನಿಂದ ಕವಣೆ ಬೀಸಿದರು. ಮುಂದಿನ ಕುದುರೆ ತಲೆ ಒಡೆದು ಉರುಳಿತು, ಸವಾರ ಅದರಡಿಯಲ್ಲೇ ಸತ್ತ. ಉಳಿದವರು ತಿರುಗಿದರು.

ವಾಸಿಯಾಗದೆ ಹೋದ ಸಾಬವ್ವನ ಕೈಯನ್ನು ಸೊಲ್ಲಾಪುರದ ಆಸ್ಪತ್ರೆಯಲ್ಲಿ ಕತ್ತರಿಸಬೇಕಾಯಿತು. ಗಿರಣಿಯ ಚಾಳಿನಲ್ಲಿ ಅವಳು ಒಂದೇ ಕೈಯಲ್ಲಿ ರೊಟ್ಟಿ ಬಡಿಯುವುದನ್ನು ಕಲಿತಳು. ಹಿಟ್ಟು ನಾದಿಕೊಡುವುದು ಹುಲೆಪ್ಪನ ಕೆಲಸವಾಯಿತು.